ದಾದಾನ ತೂಕ

ನನ್ನ ಜೀವ ನಮ್ಮ ಅಣ್ಣನ ಹೊಟ್ಟೆಯ ಮೇಲೆ ನಿಂತಿತ್ತು. ಮಾತಿನ ಚಂದಕ್ಕೆ ಹೇಳುತ್ತಿಲ್ಲ. ಮಿರಜಿನ ಆಸ್ಪತ್ರೆಯಲ್ಲಿ ಡಾಕ್ಟರ್ ಮೇಡಮ್ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ರಿಪೋರ್ಟುಗಳನ್ನು ಬದಿಗಿಟ್ಟು, "ರಕ್ತ ಹೊಂದುತ್ತದೆ, ಉಳಿದದ್ದೂ ಹೊಂದುತ್ತದೆ. ಆದರೆ ಇಷ್ಟು ತೂಕದ ಮನುಷ್ಯನ ಕಿಡ್ನಿ ನಾನು ತೆಗೆಯುವುದಿಲ್ಲ" ಎಂದುಬಿಟ್ಟರು.

ನನ್ನ ಎರಡೂ ಕಿಡ್ನಿಗಳು ಕೈಕೊಟ್ಟು ಆಗ ವರ್ಷದ ಮೇಲಾಗಿತ್ತು. ನಾನು ಸ್ನೇಹಲ, ಕಾಗವಾಡದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಅಂದರೆ ಕಲಿಸುತ್ತಿದ್ದೆ. ವಾರಕ್ಕೆ ಮೂರು ಸಲ ಮಿರಜಿಗೆ ಹೋಗಿ, ಮಷೀನಿಗೆ ತೋಳು ಕೊಟ್ಟು ನಾಲ್ಕು ತಾಸು ಮಲಗಿ ಬರುತ್ತೇನೆ. ನನ್ನ ಗಂಡ ಶಾಂತಿನಾಥರಿಗೆ ಸಕ್ಕರೆ ಕಾಯಿಲೆ, ಅವರ ಕಿಡ್ನಿ ನಡೆಯುವುದಿಲ್ಲ. ಅಪ್ಪ ಅವ್ವ ಹೋಗಿಬಿಟ್ಟಿದ್ದಾರೆ. ಮಗಳು ಭಾಗ್ಯಾ ಇನ್ನೂ ಏಳನೆಯ ಇಯತ್ತೆಯಲ್ಲಿ ಓದುವ ಹುಡುಗಿ. ಸತ್ತವರ ಕಿಡ್ನಿ ಸಿಕ್ಕರೆ ಸಿಗಲಿ ಎಂದು ಹೆಸರು ಹಚ್ಚಿದ್ದೇವೆ, ಆ ಸಾಲು ಎಲ್ಲಿ ಮುಗಿಯುತ್ತದೋ ಯಾರಿಗೂ ಗೊತ್ತಿಲ್ಲ. ಉಳಿದವನು ಒಬ್ಬನೇ, ನನಗಿಂತ ಎಂಟು ವರ್ಷಕ್ಕೆ ಹಿರಿಯ, ಐನಾಪುರದ ಬಾಬಾಸಾಹೇಬ ಪೈಲವಾನ, ನಮ್ಮ ದಾದಾ.

ದಾದಾ ಹರೆಯದಲ್ಲಿ ನಿಜವಾಗಿಯೂ ಪೈಲವಾನನಾಗಿದ್ದ. ನಮ್ಮ ಮನೆಯಲ್ಲಿ ಎಮ್ಮೆ ಹಿಂಡಿದ ಹಾಲು ನಮ್ಮ ಕಣ್ಣಿಗೆ ಬೀಳುವ ಮೊದಲೇ ಅವನ ಹೊಟ್ಟೆ ಸೇರುತ್ತಿತ್ತು. ನೆನೆಸಿದ ಬದಾಮಿ, ತುಪ್ಪ, ಉತ್ತತ್ತಿ ಎಲ್ಲ ಅವನಿಗೆ. ನನಗೆ ಬದಾಮಿಯ ಸಿಪ್ಪೆ ಸುಲಿಯುವ ಕೆಲಸ. ಮೂವತ್ತು ದಾಟಿದ ಮೇಲೆ ಮೊಣಕಾಲು ಹೋಯಿತು, ತಾಲೀಮಿಗೆ ಹೋಗುವುದು ನಿಂತಿತು. ಕುಸ್ತಿ ಬಿಟ್ಟ, ಕುಸ್ತಿಯ ಊಟ ಬಿಡಲಿಲ್ಲ. ಕಬ್ಬು, ದ್ರಾಕ್ಷಿ ನೋಡಿಕೊಂಡು, ಜೀಪು ಓಡಿಸಿಕೊಂಡು, ಮದುವೆ ಮನೆಗಳಲ್ಲಿ ಮುಂದಿನ ಪಂಕ್ತಿಯಲ್ಲಿ ಕುಳಿತು ನಲ್ವತ್ತೊಂಬತ್ತಕ್ಕೆ ನೂರಾ ಹನ್ನೆರಡು ಕಿಲೋ ಆಗಿದ್ದ.

ಡಾಕ್ಟರ್ ಮೇಡಮ್ ಹೇಳಿದ ಲೆಕ್ಕ ಸರಳವಾಗಿತ್ತು. ತೊಂಬತ್ತೈದಕ್ಕೆ ಬರಬೇಕು. ತಿಂಗಳಿಗೆ ಎರಡು ಕಿಲೋ ಇಳಿದರೆ ಸಾಕು, ಎಂಟೊಂಬತ್ತು ತಿಂಗಳು ಹಿಡಿಯುತ್ತದೆ. ಅದಕ್ಕಿಂತ ಜಲ್ದಿ ಬೇಡ. ಊಟ ಬಿಡುವುದಲ್ಲ, ಕಡಿಮೆ ಮಾಡುವುದು. ಓಡುವುದಲ್ಲ, ನಡೆಯುವುದು.

"ಎಂಟ ತಿಂಗಳಾ?" ದಾದಾ ನಕ್ಕ. "ತಾಲೀಮಿನ್ಯಾಗ ಇದ್ದಾಗ ನಾ ನಾಕ ದಿನದಾಗ ಐದ ಕಿಲೋ ಇಳಸ್ತಿದ್ನಿರಿ."

"ಆಗ ನಿಮ್ಮ ವಯಸ್ಸೆಷ್ಟು?"

"ಇಪ್ಪತ್ತೆರಡ."

"ಈಗ?"

ಅವನ ಹೆಂಡತಿ ರಾಜಮತಿ ವೈನಿಯೇ ಉತ್ತರ ಕೊಟ್ಟರು: "ಮುಂದಿನ ವರ್ಷ ಐವತ್ತರಿ."

ಮಾತೆಲ್ಲ ಮರಾಠಿಯಲ್ಲಿ ನಡೆದಿತ್ತು, ನಾನು ನಮ್ಮ ಮಾತಿಗೆ ತಂದು ಹೇಳುತ್ತಿದ್ದೇನೆ. ಡಾಕ್ಟರ್ ಕೊನೆಗೆ ಹೇಳಿದ ಒಂದು ಶಬ್ದ ಮಾತ್ರ ಮರಾಠಿಯಲ್ಲೇ ಇರಲಿ, ಏಕೆಂದರೆ ನಮ್ಮ ಮನೆಯಲ್ಲಿ ಅದು ಹಾಗೇ ಉಳಿದುಕೊಂಡಿದೆ. "ಹಳೂಹಳೂ" ಎಂದರು. ನಿಧಾನವಾಗಿ.

ಹೊರಗೆ ಬಂದು ಜೀಪಿನ ಹತ್ತಿರ ನಿಂತಾಗ ದಾದಾ ನನ್ನ ತಲೆಯ ಮೇಲೆ ಕೈಯಿಟ್ಟ. "ಅವ್ರು ಏನರ ಅನ್ಲಿ ತಂಗೆವ್ವಾ. ದೀಪಾವಳಿ ಹೊತ್ತಿಗೆ ನನ್ನ ಕಿಡ್ನಿ ನಿನ್ನ ಹೊಟ್ಯಾಗ ಇರತೈತಿ. ಅವತ್ತ ತುಂಬಿದ ತಂಬಿಗಿ ನೀರ ನಾನ ನಿನಗ ಕುಡಸ್ತೀನಿ, ಗಟಗಟ ಅಂತ."

ತಂಬಿಗೆಯ ಮಾತು ಯಾಕೆ ಬಂತೆಂದರೆ, ನನ್ನಂಥವರು ನೀರು ಕುಡಿಯುವಂತಿಲ್ಲ. ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಲ್ಲುತ್ತದೆ. ದಿನಕ್ಕೆ ಇಷ್ಟೇ ಲೋಟ ಎಂದು ಅಳೆದು ಕೊಡುತ್ತಾರೆ. ಬೇಸಿಗೆಯಲ್ಲಿ ನಾನು ಐಸಿನ ಚೂರು ಬಾಯಲ್ಲಿಟ್ಟುಕೊಂಡು ಕೂಡುತ್ತೇನೆ. ಮಷೀನಿಗೆ ಹಾಕುವ ಮೊದಲು ತೂಕ, ತೆಗೆದ ಮೇಲೆ ತೂಕ. ನಾಲ್ಕು ತಾಸಿನಲ್ಲಿ ಎರಡೂವರೆ, ಮೂರು ಕಿಲೋ ನೀರು ಹಿಂಡಿ ತೆಗೆಯುತ್ತಾರೆ, ಎರಡು ದಿನದಲ್ಲಿ ಅಷ್ಟೂ ಮತ್ತೆ ತುಂಬುತ್ತದೆ. ಇಳಿದದ್ದೆಲ್ಲ ತೂಕವಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಮೊದಲ ತಿಂಗಳು ದಾದಾ ಆರು ಕಿಲೋ ಇಳಿಸಿದ. ಹೇಗೆ ಅಂದರೆ, ಊಟವನ್ನೇ ಬಿಟ್ಟು. ಬೆಳಿಗ್ಗೆ ಮಜ್ಜಿಗೆ, ಸಂಜೆ ಮಜ್ಜಿಗೆ. ಒಣದ್ರಾಕ್ಷಿ ಶೆಡ್ಡಿನಲ್ಲಿ ಬಾಕ್ಸು ತೂಗುವ ದೊಡ್ಡ ಕಾಟಾ ಇದೆ, ಅದರ ಮೇಲೆ ನಿಂತು ಫೋಟೋ ತೆಗೆಸಿ ನನಗೆ ಕಳಿಸುತ್ತಿದ್ದ. ಫೋಟೋದಲ್ಲಿ ಅವನ ಕಾಲಿನ ಹೆಬ್ಬೆರಳು, ಕೆಂಪು ಅಂಕಿ. ನಾನು ಅದನ್ನು ಶಾಂತಿನಾಥರಿಗೆ ತೋರಿಸಿ, ಭಾಗ್ಯಾಳಿಗೆ ತೋರಿಸಿ, ಪಕ್ಕದ ಮನೆಯವರಿಗೂ ತೋರಿಸಿದೆ. ಯಾರದೋ ಅಣ್ಣನ ಹೆಬ್ಬೆರಳು ನೋಡಿ ಅವರು ಏನೆಂದುಕೊಂಡರೋ ದೇವರಿಗೇ ಗೊತ್ತು.

ಎರಡನೆಯ ತಿಂಗಳು ಕಾಟಾ ಅಲ್ಲಾಡಲಿಲ್ಲ. ಫೋಟೋ ಬರುವುದು ನಿಂತಿತು.

ಊರವರಿಂದಲೂ ಕಾಟ. ನಮ್ಮ ಕಡೆ ಪೈಲವಾನನೊಬ್ಬ ಸೊರಗಿದರೆ ಅದಕ್ಕೆ ಒಂದೇ ಅರ್ಥ, ಏನೋ ಜಡ್ಡು. ಕಟ್ಟೆಯ ಮೇಲಿದ್ದವರು, "ಯಾಕ್ರಿ ಬಾಬಾಸಾಹೇಬ, ಶುಗರ್ ಬಂತಾ?" ಎಂದು ಕೇಳಿದರಂತೆ. ಕಾರಣ ಗೊತ್ತಿದ್ದವರು ಇನ್ನೂ ಮುಂದೆ. ಕಿಡ್ನಿ ಕೊಡುವವನ ಮೈಯಲ್ಲಿ ತಾಕತ್ತು ಬೇಕಲ್ಲ ಎಂದು ಒಬ್ಬರು ಹಸುವಿನ ತುಪ್ಪ ತಂದುಕೊಟ್ಟರು, ಒಬ್ಬರು ಅಂಟಿನ ಉಂಡಿ ಮಾಡಿ ಕಳಿಸಿದರು. ನನ್ನನ್ನು ಪ್ರೀತಿಯಿಂದ ಕೊಲ್ಲಲು ಇಡೀ ಐನಾಪುರ ಟೊಂಕ ಕಟ್ಟಿ ನಿಂತಿತ್ತು.

ನಾನು ದಿನಾ ಸಂಜೆ ಫೋನು ಮಾಡುತ್ತಿದ್ದೆ. "ಎಷ್ಟಾತು?" ಅದೊಂದೇ ಪ್ರಶ್ನೆ. ಉಂಡೆಯಾ, ಹೇಗಿದ್ದೀ ಎಂದು ಯಾವತ್ತೂ ಕೇಳಲಿಲ್ಲ. ಆಮೇಲಾಮೇಲೆ ವೈನಿಯೇ ಫೋನು ಎತ್ತತೊಡಗಿದರು. "ತ್ವಾಟಕ್ಕ ಹೋಗ್ಯಾರ ಸ್ನೇಹಲ" ಎನ್ನುತ್ತಿದ್ದರು, ಹಿಂದಿನಿಂದ ಅವನ ಕೆಮ್ಮು ಕೇಳಿಸುತ್ತಿತ್ತು.

ರಾಖಿ ಹುಣ್ಣಿಮೆಗೆ ಐನಾಪುರಕ್ಕೆ ಹೋದೆ. ರಾಖಿ ಕಟ್ಟಿದ ಮೇಲೆ ತಂಗಿ ತನ್ನ ಕೈಯಾರೆ ಅಣ್ಣನ ಬಾಯಿಗೆ ಸಿಹಿ ಇಡಬೇಕು. ನಾನು ಪೇಢೆಯ ಬದಲು ಸೌತೆಕಾಯಿಯ ಹೋಳು ಇಟ್ಟೆ. ಎಲ್ಲರೂ ನಕ್ಕರು, ದಾದಾನೂ ನಕ್ಕ. ಕಟುಂ ಕಟುಂ ಎಂದು ಅಗಿದು ನುಂಗಿದ. ಊಟವಾದ ಮೇಲೆ ನಾನು ಕೈ ತೊಳೆಯಲು ಹಿತ್ತಲಿಗೆ ಹೋದರೆ, ಶೆಡ್ಡಿನ ಹಿಂದೆ, ಖಾಲಿ ಕ್ರೇಟುಗಳ ನಡುವೆ ನಮ್ಮಣ್ಣ ಕೂತಿದ್ದಾನೆ. ತೊಡೆಯ ಮೇಲೆ ತಾಟು. ತಾಟಿನಲ್ಲಿ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ.

ನನಗೆ ಮೈಯೆಲ್ಲ ಉರಿದುಹೋಯಿತು. "ತಿನ್ನು" ಎಂದೆ. "ನಾ ಸತ್ತ ಮ್ಯಾಲೆ ಮಾಡೂ ಹೋಳಗಿನೂ ಈಗ ತಿಂದಬಿಡು. ಮತ್ತ ಯಾಕ ಕಾಯ್ತಿ?"

ಅವನು ತಾಟು ನೆಲದ ಮೇಲಿಟ್ಟ. ಬಾಯಲ್ಲಿದ್ದದ್ದನ್ನು ಕಷ್ಟಪಟ್ಟು ನುಂಗಿದ. "ಹಸಿವಿ ತಡಿಯಾಕ ಆಗವಲ್ತು ತಂಗೆವ್ವಾ" ಎಂದ. "ಕುಸ್ತಿಯೊಳಗ ಎದರಿಗೆ ಒಬ್ಬಾಂವ ಇರ್ತಿದ್ದ. ಅಂವನ್ನ ಕೆಡವಿದ್ರ ಮುಗೀತಿತ್ತು. ಇಲ್ಲಿ ನಾ ಯಾರನ್ನ ಕೆಡವ್ಲಿ ಹೇಳು?"

ಏಳಲು ಹೋಗಿ ಮೊಣಕಾಲು ಹಿಡಿದುಕೊಂಡ. ಅಂಗಿಯ ಕಿಸೆಯಿಂದ ಗುಳಿಗೆಯ ಹಾಳೆ ತೆಗೆದು ಒಂದನ್ನು ಬಾಯಿಗೆ ಹಾಕಿಕೊಂಡ. ನಡೆದರೆ ಮೊಣಕಾಲು ಬಾತುಕೊಳ್ಳುತ್ತದೆ, ಮೆಡಿಕಲ್ ಅಂಗಡಿಯವನು ಕೊಟ್ಟಿದ್ದಾನೆ, ಇದನ್ನು ತಗೊಂಡರೆ ನಡೆಯಬಹುದು ಎಂದ. ಸದ್ಯ ನಡೆಯುತ್ತಾನಲ್ಲ ಎಂದು ನನಗೆ ಸಮಾಧಾನವೇ ಆಯಿತು.

ಅಲ್ಲಿಂದ ಅವನು ಮನಸ್ಸು ಗಟ್ಟಿ ಮಾಡಿದ. ದಿನಾ ಮುಂಜಾನೆ ಕೃಷ್ಣಾ ಹೊಳೆಯ ಕಡೆಗೆ ನಡೆದು ಬರುತ್ತಿದ್ದ. ದಸರೆಯ ಹೊತ್ತಿಗೆ ನೂರಾ ಮೂರಕ್ಕೆ ಬಂದಿದ್ದ. ಡಾಕ್ಟರ್ ಮೇಡಮ್ ಖುಷಿಯಾದರು. ಇದೇ ನಿಜವಾದ ಇಳಿಕೆ, ಇನ್ನು ನಾಲ್ಕು ತಿಂಗಳು ಹೀಗೇ ಇರಲಿ ಎಂದರು. ಹಾಗೇ ನಡೆದುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು. ಆದರೆ ಅದೇ ವಾರ ನಾನು ಮಷೀನಿನ ಮೇಲೆ ಇದ್ದಾಗಲೇ ಬಿಪಿ ಇಳಿದು ಎಚ್ಚರ ತಪ್ಪಿದೆ. ಕಣ್ಣು ಬಿಟ್ಟಾಗ ಮೂಗಿಗೆ ಆಕ್ಸಿಜನ್, ಕಾಲಿನ ಹತ್ತಿರ ದಾದಾ. ಇಷ್ಟು ದೊಡ್ಡ ಮನುಷ್ಯ ಮಂಚದ ಕಬ್ಬಿಣ ಹಿಡಿದುಕೊಂಡು ಸಣ್ಣ ಹುಡುಗನಂತೆ ಅಳುತ್ತಿದ್ದ. ಹೃದಯ ಸೋಲುತ್ತಿದೆ, ಆಪರೇಷನ್ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು ಎಂದು ಡಾಕ್ಟರ್ ಹೇಳಿದ್ದನ್ನು ಅವನು ಕೇಳಿಸಿಕೊಂಡಿದ್ದ. ದೀಪಾವಳಿ ಮುಗಿದ ಮೇಲೆ ಮತ್ತೊಮ್ಮೆ ತೋರಿಸಿ, ಅಷ್ಟರಲ್ಲಿ ತೊಂಬತ್ತೈದಾಗಿದ್ದರೆ ಮುಂದಿನದು ನೋಡೋಣ ಎಂದೂ ಅವರು ಹೇಳಿದ್ದರು. ಆಗದಿದ್ದರೆ ಇನ್ನೂ ಸ್ವಲ್ಪ ಕಾಯೋಣ ಎಂದದ್ದು ಮಾತ್ರ ಅವನ ಕಿವಿಗೆ ಬೀಳಲಿಲ್ಲ.

ದೀಪಾವಳಿ ಮುಗಿಯಿತು. ಹೇಳಿದ ದಿನ ನಾವೆಲ್ಲ ಮಿರಜಿನಲ್ಲಿ ಸೇರಿದೆವು. ದಾದಾ ಜೀಪಿನಿಂದ ಇಳಿದು ನಡೆದು ಬಂದಾಗ ನನಗೆ ಗುರುತೇ ಸಿಗಲಿಲ್ಲ. ಗಲ್ಲ ಒಳಗೆ ಹೋಗಿತ್ತು, ಕಣ್ಣು ಒಳಗೆ ಹೋಗಿದ್ದವು, ತುಟಿ ಒಡೆದಿತ್ತು. ಅಂಗಿಗೆ ಬೆಲ್ಲದ ಹೊಗೆಯ ವಾಸನೆ. ಕಬ್ಬಿನ ಗಾಣ ಸುರುವಾಗಿದೆ, ಅಲ್ಲಿಂದಲೇ ಎದ್ದು ಬಂದಿದ್ದಾನೆ ಅಂದುಕೊಂಡೆ. "ನೀರ ಕುಡಿ ದಾದಾ" ಎಂದರೆ, "ಮೊದಲ ತೂಕ ಆಗಲಿ" ಎಂದ.

ತೂಕವಾಯಿತು. ತೊಂಬತ್ತನಾಲ್ಕು, ಮೇಲೆ ಚಿಲ್ಲರೆ.

ನಾನು ಆ ಆಸ್ಪತ್ರೆಯ ನಡುವೆಯೇ ಬಿಕ್ಕಿ ಬಿಕ್ಕಿ ಅತ್ತೆ. ಇಷ್ಟು ವರ್ಷ ಅವನ ಮೇಲಿದ್ದ ಸಿಟ್ಟೆಲ್ಲ, ಹಾಲು, ಬದಾಮಿ, ಹೋಳಿಗೆ ಎಲ್ಲ ಆ ಒಂದು ಅಂಕಿಯಲ್ಲಿ ಹರಿದುಹೋಯಿತು. ನಾನು ಬದುಕುತ್ತೇನೆ ಅನಿಸಿತು. ಭಾಗ್ಯಾಳ ಮದುವೆಗೆ ಯಾವ ಸೀರೆ ಉಡುವುದು ಎಂಬಲ್ಲಿಯವರೆಗೂ ಮನಸ್ಸು ಓಡಿತು, ಆ ಹುಡುಗಿಗೆ ಇನ್ನೂ ಹದಿಮೂರು. ದಾದಾ ಕಾಟಾದಿಂದ ಇಳಿದವನೇ ನಲ್ಲಿಯ ಹತ್ತಿರ ಹೋಗಿ ಬೊಗಸೆಯಲ್ಲಿ ನೀರು ಕುಡಿದ, ಕುಡಿದೇ ಕುಡಿದ. ಬೆಂಚಿನ ಮೇಲೆ ಕೂತು ನನ್ನ ಕಡೆ ನೋಡಿ ನಕ್ಕ. ಕುಸ್ತಿ ಗೆದ್ದ ದಿನ ಅಪ್ಪನ ಕಡೆ ನೋಡಿ ಹಾಗೇ ನಗುತ್ತಿದ್ದ.

ಆಮೇಲೆ ಪರೀಕ್ಷೆಗೆಂದು ಮೂತ್ರ ಕೇಳಿದರು. ತುಂಬಾ ಹೊತ್ತಾದರೂ ಅವನು ಬರಲಿಲ್ಲ. ಬಂದಾಗ ಕೈಯಲ್ಲಿದ್ದ ಡಬ್ಬಿಯ ತಳದಲ್ಲಿ ಹಾಲಿಲ್ಲದ ಚಹಾದಂಥದ್ದು ಒಂದಿಷ್ಟು. ನರ್ಸಿನ ಕೈಗೆ ಅದನ್ನು ಕೊಟ್ಟು, ಗೋಡೆ ಹಿಡಿದುಕೊಂಡು, ಅಲ್ಲೇ ಕುಸಿದ.

ನಿಜ ಹೇಳಿದವರು ವೈನಿ. ಡಾಕ್ಟರ್ ಜೋರು ಮಾಡಿ ಕೇಳಿದ ಮೇಲೆ, ಸೆರಗು ಬಾಯಿಗೆ ಒತ್ತಿಕೊಂಡು ಹೇಳಿದರು. ಹಿಂದೆ ಕುಸ್ತಿಗೆ ಮೊದಲು ತೂಕ ಹೆಚ್ಚಾಗಿದ್ದರೆ ತಾಲೀಮಿನ ಹುಡುಗರು ಬೆಲ್ಲದ ಗಾಣಕ್ಕೆ ಹೋಗುತ್ತಿದ್ದರು. ಕೊಪ್ಪರಿಗೆಯ ಕೆಳಗಿನ ಒಲೆಯ ಮುಂದೆ ಕಂಬಳಿ ಹೊದ್ದು ಕೂತು ಬೆವರು ಸುರಿಸುವುದು, ನೀರು ಮುಟ್ಟದಿರುವುದು, ಭೇದಿಗೆ ತಗೊಳ್ಳುವುದು. ತೂಕಕ್ಕೆ ನಿಲ್ಲುವ ಹೊತ್ತಿಗೆ ಬೇಕಾದಷ್ಟು ಇಳಿದಿರುತ್ತಿತ್ತು. ತೂಗಿಸಿಕೊಂಡು ಬಂದವರೇ ಕಬ್ಬಿನ ಹಾಲು ಕುಡಿದು ಸಂಜೆ ಅಖಾಡಕ್ಕಿಳಿಯುತ್ತಿದ್ದರು. ದಾದಾನಿಗೆ ಗೊತ್ತಿದ್ದ ತೂಕ ಇಳಿಸುವ ವಿದ್ಯೆ ಅದೊಂದೇ. ಐವತ್ತರ ಹೊಸ್ತಿಲಲ್ಲಿ ನಿಂತು ಅವನು ಅದನ್ನೇ ಮಾಡಿದ್ದ. ದೀಪಾವಳಿಯ ಪಾಡ್ಯದಿಂದ ನಮ್ಮದೇ ಗಾಣದ ಒಲೆಯ ಮುಂದೆ ಕಂಬಳಿ ಹೊದ್ದು ಕೂತಿದ್ದಾನೆ. ಮುಂಜಾನೆ ಅದೇ ಕಂಬಳಿಯಲ್ಲಿ ಓಡಿದ್ದಾನೆ. ಮೊಣಕಾಲು ನೋವಿಗೆ ಮುಷ್ಟಿ ಮುಷ್ಟಿ ಗುಳಿಗೆ ನುಂಗಿದ್ದಾನೆ.

"ಬ್ಯಾಡ್ರಿ ಅಂದ್ನಿ" ಎಂದರು ವೈನಿ. "ನನ್ನ ತಂಗಿ ನೀರ ಇಲ್ದ ಎರಡ ವರ್ಷ ಕುಂತಾಳ, ನನಗ ಎಂಟ ದಿನ ಆಗೂದಿಲ್ಲೇನು ಅಂದ್ರು. ನಾ ಏನ ಹೇಳ್ಲಿ?"

ಡಾಕ್ಟರ್ ಮೇಡಮ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಷ್ಟು ತಿಂಗಳ ನೋವಿನ ಗುಳಿಗೆ, ಅದರ ಮೇಲೆ ನೀರಿಲ್ಲದ ಮೈ, ಅದರ ಮೇಲೆ ಬೆಂಕಿಯ ಕಾವು. ಕಿಡ್ನಿ ಕೈಚೆಲ್ಲಲು ಇನ್ನೇನು ಬೇಕು ಎಂದರು. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು.

ಎರಡು ದಿನದ ಮೇಲೆ ನನ್ನ ಪಾಳಿ ಬಂತು. ತೂಕ ಮಾಡಿಸಿಕೊಂಡು, ನನ್ನ ಮಂಚಕ್ಕೆ ಹೋಗಿ ಮಲಗಿದೆ. ಪಕ್ಕದ ಮಂಚದಲ್ಲಿ ದಾದಾ ಇದ್ದ. ಕುತ್ತಿಗೆಗೆ ನಳಿಕೆ, ನಳಿಕೆಯಲ್ಲಿ ಅವನ ರಕ್ತ. ನನಗೆ ಕಿಡ್ನಿ ಕೊಡಬೇಕಾದವನು ನನ್ನಂತೆಯೇ ಮಷೀನಿನ ಮೇಲೆ ಮಲಗಿದ್ದ. ಎರಡು ಮಷೀನುಗಳೂ ಒಂದೇ ಥರ ಸದ್ದು ಮಾಡುತ್ತಿದ್ದವು. ಎದ್ದು ಹೋಗಿ ಅವನ ಕಪಾಳಕ್ಕೆ ಹೊಡೆಯಬೇಕು ಅನಿಸಿತು. ಅವನ ಕೈ ಹಿಡಿದುಕೊಳ್ಳಬೇಕು ಅಂತಲೂ ಅನಿಸಿತು. ತೋಳಿಗೆ ಸೂಜಿ ಚುಚ್ಚಿದ್ದರಿಂದ ಎರಡನ್ನೂ ಮಾಡಲಾಗಲಿಲ್ಲ.

"ತಂಗೆವ್ವಾ" ಎಂದ ಅವನು, ಕಣ್ಣು ಮುಚ್ಚಿಕೊಂಡೇ. "ಬಾಯಾಗಿನ ನೀರ ಆರತೈತಲ್ಲಾ, ಇಷ್ಟ ತ್ರಾಸ ಇರತೈತಿ ಅಂತ ನನಗ ಗೊತ್ತಿರ್ಲಿಲ್ಲ ನೋಡು."

ಮೂರು ಸಲ ಮಷೀನಿಗೆ ಹಾಕಿದ ಮೇಲೆ ಅವನ ಕಿಡ್ನಿಗಳಿಗೆ ಜೀವ ಬಂತು. ಪೂರಾ ಬರಲಿಲ್ಲ. ಅವನನ್ನು ಮನೆಗೆ ಕಳಿಸುವ ಮೊದಲು ಡಾಕ್ಟರ್ ನನ್ನನ್ನೂ ವೈನಿಯನ್ನೂ ಶಾಂತಿನಾಥರನ್ನೂ ಒಳಗೆ ಕರೆದರು. ಇವರ ಕಿಡ್ನಿ ಇನ್ನು ಯಾರಿಗೂ ಕೊಡುವ ಹಾಗಿಲ್ಲ, ಯಾವತ್ತೂ, ತೂಕ ಎಷ್ಟೇ ಇಳಿಯಲಿ ಎಂದರು. ಉಳಿದದ್ದು ಇವರಿಗೇ ಸಾಲಬೇಕು. ಹಾಗಂತ ತೂಕ ಬಿಟ್ಟುಬಿಡುವಂತಿಲ್ಲ. ಮತ್ತೆ ಮೊದಲಿನ ಹಾಗೆ ಉಂಡು ಮೈ ಬೆಳೆಸಿದರೆ, ಬಿಪಿ ಏರಿದರೆ, ನಾಲ್ಕೈದು ವರ್ಷದಲ್ಲಿ ಇವರೂ ಕಾಯಂ ಇಲ್ಲಿಗೇ ಬರುತ್ತಾರೆ. "ಇವರು ನಡೆಯುವುದನ್ನು ನಿಲ್ಲಿಸಲು ಬಿಡಬೇಡಿ" ಎಂದರು.

ನಾವು ಹೊರಗೆ ಬಂದೆವು. ದಾದಾ ಮಂಚದ ಮೇಲೆ ಎದ್ದು ಕೂತಿದ್ದ. ಮೊದಲ ಪ್ರಶ್ನೆಯೇ ಅದು. "ಏನಂದ್ರು? ಮತ್ತ ಯಾವಾಗ ತಗೋತಾರಂತ?"

ನನ್ನ ಬಾಯಲ್ಲಿ ಮಾತು ತಯಾರಾಗಿತ್ತು. ಕೊನೆಗೂ ಸಿಟ್ಟು ತೀರಿಸಿಕೊಳ್ಳುವ ಮಾತು. ವೈನಿ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದರು. "ತೂಕ ಸರಿಯಾಗಿ ಇಳದ ಮ್ಯಾಲೆ ತಗೋತಾರಂತ" ಎಂದರು. "ಹಳೂಹಳೂ ಇಳಸ್ಬೇಕಂತ. ನೀರ ಕುಡದು, ಊಟ ಮಾಡಿ, ತಿಂಗಳಿಗೆ ಎರಡ."

ದಾದಾ ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ.

ಆಮೇಲೆ ವೈನಿ ನನ್ನ ಮುಂದೆ ಕೈ ಜೋಡಿಸಿದರು. "ಹೇಳಬ್ಯಾಡ ಸ್ನೇಹಲ. ನಿನಗ ಕೊಡಾಕ ಆಗೂದಿಲ್ಲಂತ ಗೊತ್ತಾದ್ರ ಈ ಮನಷ್ಯಾ ಒಂದ ದಿನಾನೂ ನಡಿಯೂದಿಲ್ಲ. ಕುಂತ ತಿಂದ ತಿಂದ ಸಾಯ್ತಾನು. ನಿನ್ನ ಸಲುವಾಗಿ ಅಂದ್ರ ಅಷ್ಟ ನಡೀತಾನು."

ಹಾಗೆ ಸುರುವಾಯಿತು ಈ ನಾಟಕ. ಔಷಧ ಕೊಡುವುದು, ರಕ್ತ ನೋಡುವುದು ಎಲ್ಲ ಅಥಣಿಯ ಡಾಕ್ಟರ ಕಡೆಗೆ ತಿರುಗಿಸಿದೆವು, ಮಿರಜಿನ ಮೇಡಮ್ ಕಣ್ಣಿಗೆ ಅವನು ಬೀಳದ ಹಾಗೆ ನೋಡಿಕೊಂಡೆವು. ಆಸ್ಪತ್ರೆಯಿಂದ ಬಂದಾಗ ಮೈಯೆಲ್ಲ ನೀರು ತುಂಬಿ ಮತ್ತೆ ನೂರಾ ಮೂರಾಗಿದ್ದ. ಅಲ್ಲಿಂದ ಈ ಮನುಷ್ಯ ಡಾಕ್ಟರ್ ಮೊದಲ ದಿನ ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಮಾಡತೊಡಗಿದ. ಒಂದೂವರೆ ಜೋಳದ ಭಾಕರಿ, ಪಲ್ಲೆ, ಸಾರು. ನಮ್ಮ ಅವ್ವ ಇದ್ದಾಗಿನಂತೆ ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವುದು. ನೋವಿನ ಗುಳಿಗೆಯನ್ನು ಒಲೆಗೆ ಹಾಕಿದ. ಮೊಣಕಾಲಿಗೆ ಬಿಗಿಯಾಗಿ ಪಟ್ಟಿ ಕಟ್ಟಿಕೊಂಡು, ನೋವಾದಲ್ಲಿ ಕೂತು, ಎದ್ದು, ಮತ್ತೆ ನಡೆದ. ಒಂದು ತಿಂಗಳು ಕಾಟಾ ಅಲ್ಲಾಡದಿದ್ದಾಗಲೂ ಗಾಬರಿಯಾಗಲಿಲ್ಲ. "ಅದರ ಪಾಡಿಗೆ ಅದು ಇಳಿಯತೈತಿ, ಗಡಿಬಿಡಿ ಏನೈತಿ" ಎಂದು ನನಗೇ ಧೈರ್ಯ ಹೇಳಿದ. ದ್ರಾಕ್ಷಿ ಸುಗ್ಗಿಯಲ್ಲಿ ಶೆಡ್ಡು ತುಂಬ ಒಣದ್ರಾಕ್ಷಿ ಹರವಿದ್ದರೂ ಒಂದು ಕಾಳು ಬಾಯಿಗೆ ಹಾಕಲಿಲ್ಲವಂತೆ. ಈಗ ಫೋನು ಅವನೇ ಮಾಡುತ್ತಾನೆ. ಕೆಂಪು ಅಂಕಿಯ ಫೋಟೋ ಅವನೇ ಕಳಿಸುತ್ತಾನೆ.

ನಾನು "ಶಾಬಾಸ್ ದಾದಾ" ಎಂದು ಬರೆಯುತ್ತೇನೆ. ಬರೆದು ಫೋನು ಮಗುಚಿಟ್ಟು ಗೋಡೆಯ ಕಡೆ ಹೊರಳಿ ಮಲಗುತ್ತೇನೆ. ಅವನಿಗೆ ಒಳ್ಳೆಯದಾಗುತ್ತಿದೆ, ಸಂತೋಷಪಡಬೇಕು. ನನಗೆ ಸಂತೋಷವಾಗುವುದಿಲ್ಲ. ಈ ನಡಿಗೆ ಅವನು ಹೋದ ವರ್ಷವೇ ನಡೆದಿದ್ದರೆ ಎಂಬ ಮಾತು ಗಂಟಲಲ್ಲಿ ಸಿಕ್ಕಿಕೊಂಡಿರುತ್ತದೆ, ನೀರು ಕುಡಿದು ಇಳಿಸೋಣವೆಂದರೆ ಅದಕ್ಕೂ ಅಳತೆ. ಮಷೀನಿಗೆ ಜೋಡಿಸಲು ಕೈಯಲ್ಲಿ ಮಾಡಿದ್ದ ನಾಳ ಮುಚ್ಚಿಕೊಂಡಿತು, ಇನ್ನೊಂದು ಕೈಯಲ್ಲಿ ಮಾಡಿದ್ದಾರೆ. ಮೆಟ್ಟಿಲು ಹತ್ತಲಾರದೆ ಶಾಲೆ ಬಿಟ್ಟೆ. ಭಾಗ್ಯಾ ತಾನೇ ಜಡೆ ಹಾಕಿಕೊಳ್ಳುವುದನ್ನು ಕಲಿತಿದ್ದಾಳೆ. ನನಗೆ ಬದುಕಬೇಕಾಗಿದೆ. ಇದನ್ನು ಯಾರ ಹತ್ತಿರವೂ ಹೇಳಲಾಗುವುದಿಲ್ಲ, ಹೇಳಿದರೆ ಎಲ್ಲರೂ ಹೌದಲ್ಲ ಎಂದು ತಲೆ ತಗ್ಗಿಸುತ್ತಾರೆ.

ಮೊನ್ನೆ ಯುಗಾದಿ ಮುಗಿದ ವಾರ, ಮುಂಜಾನೆ, ಬಾಗಿಲಲ್ಲಿ ಜೀಪು ನಿಂತಿತು. ದಾದಾ ಇಳಿದ. ಅಂಗಿ ಮೈಮೇಲೆ ಸಡಿಲವಾಗಿ ತೂಗಾಡುತ್ತಿತ್ತು, ಮುಖದಲ್ಲಿ ಕಳೆ ಇತ್ತು, ಹತ್ತು ವರ್ಷ ಚಿಕ್ಕವನಾದಂತೆ ಕಂಡ. ಕೈಯಲ್ಲಿ ತುಂಬಿದ ಚೀಲ. ಅವನ ಹಿಂದೆ ವೈನಿ, ಕಣ್ಣೆಲ್ಲ ಕೆಂಪು. ಅವನಿಗೆ ಕಾಣದ ಹಾಗೆ, ಹೇಳಬೇಡ ಎಂದು ನನಗೆ ಕೈ ಅಲ್ಲಾಡಿಸುತ್ತಿದ್ದರು.

"ತಯಾರಾಗು ತಂಗೆವ್ವಾ, ಮಿರಜಿಗೆ ಹೋಗೂಣು" ಎಂದ. "ತೊಂಬತ್ತನಾಕ. ಈ ಸಲ ನೀರ ಕುಡದ ನಿಂತೀನಿ ಕಾಟಾದ ಮ್ಯಾಲೆ. ತುಂಬಿದ ತಂಬಿಗಿ ನೀರ ಕುಡದ ನಿಂತೀನಿ."

ಶಾಂತಿನಾಥರು ಎದ್ದು ಒಳಗೆ ಹೋಗಿಬಿಟ್ಟರು. ವೈನಿ ಹೊಸ್ತಿಲಲ್ಲೇ ಕೂತರು. ಎಲ್ಲರೂ ನನ್ನ ಮೇಲೆ ಬಿಟ್ಟಿದ್ದರು. ಹೇಳಿಬಿಡೋಣ ಅಂದುಕೊಂಡೆ. ಇಷ್ಟು ದಿನ ಸಾಕಾದಷ್ಟು ನಟಿಸಿದ್ದಾಯಿತು, ಅವನು ಮುಳುಗಿದರೆ ಮುಳುಗಲಿ, ನಾನೊಬ್ಬಳೇ ಯಾಕೆ ಮುಳುಗಬೇಕು ಅಂತಲೂ ಒಂದು ಕ್ಷಣ ಅನಿಸಿತು. ಅವನು ಪಟ್ಟಿ ಕಟ್ಟಿದ ಮೊಣಕಾಲನ್ನು ಉಜ್ಜಿಕೊಳ್ಳುತ್ತ, ನನ್ನ ಬಾಯನ್ನೇ ನೋಡುತ್ತ ನಿಂತಿದ್ದ.

"ದಾದಾ, ನಿನ್ನೆ ಡಾಕ್ಟರ್ ಮೇಡಮ್‌ಗೆ ಕೇಳಿದ್ನಿ" ಎಂದೆ. "ಒಮ್ಮೆ ಕಿಡ್ನಿಗೆ ತ್ರಾಸ ಆದವ್ರಿಗೆ ತೊಂಬತ್ತೈದ ಸಾಲೂದಿಲ್ಲಂತ. ತೊಂಬತ್ತಕ್ಕ ಬರ್ಬೇಕಂತ."

ಅವನ ಮುಖ ಇಳಿಯಿತು. "ಇನ್ನ ನಾಕ ಕಿಲೋ" ಎಂದ ತನ್ನಷ್ಟಕ್ಕೆ. "ಎರಡ ತಿಂಗಳ. ಕಾರಹುಣ್ಣಿವಿ ಹೊತ್ತಿಗೆ ಆಗತೈತಿ." ಆಮೇಲೆ ತಲೆಯೆತ್ತಿ, "ಅಲ್ಲೀತನಕ ನೀ ಗಟ್ಟಿ ಇರ್ತಿ ಹೌದಿಲ್ಲೋ?" ಎಂದ.

"ಇರ್ತೀನಿ."

"ಮತ್ತೇನು! ಹಳೂಹಳೂ ಆಗತೈತಿ ತಗೋ." ಚೀಲವನ್ನು ನನ್ನ ಮಂಚದ ಪಕ್ಕದಲ್ಲಿಟ್ಟ. "ಇದು ಇಲ್ಲೇ ಇರ್ಲಿ. ಮತ್ತ ಯಾಕ ಹೊತಗೊಂಡ ಬರೂದು." ಜೀಪು ಆಮೇಲೆ ತರಿಸೋಣ ಎಂದು ಕೀಲಿಯನ್ನು ವೈನಿಯ ಕೈಗೆ ಕೊಟ್ಟು, ತಾನು ಐನಾಪುರಕ್ಕೆ ನಡೆದೇ ಹೋಗುವುದಾಗಿ ಹೇಳಿ ಹೊರಟ. ಎಳೆಬಿಸಿಲಲ್ಲ, ಚೈತ್ರದ ಬಿಸಿಲು. ಕಿಟಕಿಯಿಂದ ನೋಡಿದೆ. ರಸ್ತೆಯ ತಿರುವಿನವರೆಗೂ ಅವನು ಒಂದು ಕಾಲು ಎಳೆಯುತ್ತ ನಡೆಯುತ್ತಿದ್ದ.

ಇನ್ನು ಎರಡು ತಿಂಗಳ ಮೇಲೆ ಎಂಬತ್ತೈದು ಅನ್ನಬೇಕು. ಅಷ್ಟರ ಮೇಲೆ ಹೇಳಲು ಅಂಕಿ ಉಳಿದಿರುವುದಿಲ್ಲ, ಬಹುಶಃ ಹೇಳಲು ನಾನೂ.

ಸಂಜೆ ಚೀಲವನ್ನು ಸರಿಸಿಡಲು ಹೋದಾಗ ಅದರ ಬಾಯಿ ಬಿಚ್ಚಿತು. ಎರಡು ಲುಂಗಿ, ಟವೆಲು, ಹಳೆಯ ರಿಪೋರ್ಟುಗಳು. ಅವುಗಳ ಮೇಲೆ ಒಂದು ಹೊಸ ಹಿತ್ತಾಳೆಯ ತಂಬಿಗೆ, ದೊಡ್ಡದು, ಅಂಗಡಿಯವನ ಚೀಟಿ ಇನ್ನೂ ಅಂಟಿಕೊಂಡೇ ಇತ್ತು. ಅದನ್ನು ಟವೆಲಿನಲ್ಲಿ ಸುತ್ತಿ ಒಳಗಿಟ್ಟು, ಚೀಲದ ಬಾಯಿ ಕಟ್ಟಿ, ಮಂಚದ ಕೆಳಗೆ ತಳ್ಳಿದೆ.